ಅರ್ಧ ಬಂದರೂ ಬರೀರಿ

ಮ್ಯಾಥ್ಸ್ ಪೇಪರ್ ಮುಗಿದ ದಿನ ಕಾರಿಡಾರ್‌ನಲ್ಲಿ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಅರ್ಧ ಗೊತ್ತಿತ್ತು ಮಗಾ, ಪೂರ್ತಿ ಬರಲ್ಲ ಅಂತ ಬಿಟ್ಟೆ." ಎರಡನೇ ಸೆಮ್‌ನಲ್ಲಿ ನಾನೂ ಹೀಗೇ ಬಿಟ್ಟೆ. ಎರಡು ಮಾರ್ಕ್ಸ್‌ನಲ್ಲಿ ಬ್ಯಾಕ್ ಆಯ್ತು. ಮನೇಲಿ ಹೇಳೋಕೆ ನಾಲ್ಕು ದಿನ ಹಿಡೀತು.

ಬಿಟ್ಟಿದ್ದು ಡಬಲ್ ಇಂಟಿಗ್ರಲ್‌ನ ಆರ್ಡರ್ ಬದಲಿಸೋ ಪ್ರಾಬ್ಲಮ್. ಇ ಪವರ್ ಮೈನಸ್ ವೈ, ಅದರ ಕೆಳಗೆ ವೈ. ಒಳಗಿನ ಲಿಮಿಟ್ ವೈ ಎಕ್ಸ್‌ನಿಂದ ಇನ್ಫಿನಿಟಿವರೆಗೆ, ಹೊರಗಿಂದು ಎಕ್ಸ್ 0ಯಿಂದ ಇನ್ಫಿನಿಟಿವರೆಗೆ. ಹಾಗೇ ಮಾಡೋಕೆ ಹೋದರೆ ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಳ್ತೀವಿ. ಆದರೆ ವೈ = ಎಕ್ಸ್ ಗೆರೆ ಎಳೆದು, ಮೇಲಿನ ಭಾಗ ಶೇಡ್ ಮಾಡಿ, ಎಕ್ಸ್ 0ಯಿಂದ ವೈವರೆಗೆ, ವೈ 0ಯಿಂದ ಇನ್ಫಿನಿಟಿವರೆಗೆ ಅಂತ ಬರೆದರೆ ಕಷ್ಟದ ಭಾಗ ಅಲ್ಲಿಗೇ ಮುಗೀತು. ಕೆಳಗಿನ ವೈ ಕ್ಯಾನ್ಸಲ್ ಆಗುತ್ತೆ, ಉತ್ತರ 1. ಆ ಚಿತ್ರ ನನಗೆ ಬರ್ತಿತ್ತು. ಬರೀಲಿಲ್ಲ.

ಸ್ಟೆಪ್ ಮಾರ್ಕ್ಸ್ ಅಂದ್ರೆ ಭಿಕ್ಷೆ, ಅರ್ಧ ಸರಿ ಇರೋ ಸೇತುವೆ ನಿಲ್ಲುತ್ತಾ ಅಂತ ಕೇಳೋರಿದ್ದಾರೆ. ನಿಲ್ಲಲ್ಲ, ಒಪ್ಪಿದೆ. ಆದರೆ ಸೇತುವೆ ಲೆಕ್ಕವನ್ನ ಯಾರೂ ಮೂರು ಗಂಟೆಯಲ್ಲಿ ಒಬ್ಬರೇ ಕೂತು ಮುಗಿಸಲ್ಲ. ಇನ್ನೊಬ್ಬರು ಅದನ್ನ ಸಾಲು ಸಾಲಾಗಿ ಚೆಕ್ ಮಾಡ್ತಾರೆ. ಹಂತಗಳು ಕಾಣದೇ ಇದ್ದರೆ ತಪ್ಪು ಎಲ್ಲಿದೆ ಅಂತ ಹುಡುಕೋದಾದರೂ ಹೇಗೆ?

ಹಾಗಂತ ಪುಟ ತುಂಬಿಸೋದಲ್ಲ. ವೈ ಡಬಲ್ ಡ್ಯಾಶ್ ಮೈನಸ್ 3 ವೈ ಡ್ಯಾಶ್ ಪ್ಲಸ್ 2 ವೈ, ಬಲಕ್ಕೆ ಇ ಪವರ್ ಎಕ್ಸ್ ಅಂತ ಬಂತು ಅಂದ್ಕೊಳ್ಳಿ. ಆಕ್ಸಿಲಿಯರಿ ಈಕ್ವೇಶನ್, ರೂಟ್ಸ್ 1 ಮತ್ತು 2, ಕಾಂಪ್ಲಿಮೆಂಟರಿ ಫಂಕ್ಷನ್ ಇಷ್ಟನ್ನೂ ಮೊದಲು ಬರೆದುಬಿಡಿ. ಪರ್ಟಿಕ್ಯುಲರ್ ಇಂಟಿಗ್ರಲ್‌ನಲ್ಲಿ ಛೇದ ಸೊನ್ನೆ ಆಗಿ ತಲೆ ಕೆಟ್ಟರೆ, 'ಇಲ್ಲಿ ಛೇದ 0' ಅಂತಲಾದರೂ ಬರೀರಿ. (ಎಕ್ಸ್‌ನಿಂದ ಗುಣಿಸಿ, ಛೇದವನ್ನ ಡಿಫರೆನ್ಶಿಯೇಟ್ ಮಾಡಿ. ಮೈನಸ್ ಎಕ್ಸ್ ಇ ಪವರ್ ಎಕ್ಸ್ ಬರುತ್ತೆ.) ರುಂಗೆ-ಕುಟ್ಟಾದಲ್ಲಿ ಮಾತ್ರ ಕ್ಯಾಲ್ಕುಲೇಟರ್ ಒತ್ತೋ ಮುಂಚೆ ನಾಲ್ಕೂ ಫಾರ್ಮುಲಾ ಹಾಳೆ ಮೇಲಿರಲಿ. ಒಂದು ಬಟನ್ ತಪ್ಪು ಒತ್ತಿದರೂ ವಿಧಾನ ಸರಿ ಅಂತ ನೋಡೋರಿಗೆ ಗೊತ್ತಾಗುತ್ತೆ. ಬರೀ ಉತ್ತರ ಇದ್ದು ಅದೂ ತಪ್ಪಿದ್ದರೆ ಅವರು ತಾನೇ ಯಾವುದಕ್ಕೆ ಮಾರ್ಕ್ಸ್ ಕೊಡ್ತಾರೆ?

ವಿಟಿಯು ಪೇಪರ್‌ನಲ್ಲಿ ಮಾಡ್ಯೂಲ್‌ಗೆ ಎರಡರಲ್ಲಿ ಒಂದು ಪೂರ್ಣ ಪ್ರಶ್ನೆ, 20 ಮಾರ್ಕ್ಸ್. ಎ ಸುಲಭ ಇದೆ ಅಂತ ಹಾರಬೇಡಿ. ಎ, ಬಿ, ಸಿ ಮೂರನ್ನೂ ಶುರು ಮಾಡೋಕಾದರೂ ಬರೋದು ಯಾವುದು ಅಂತ ನೋಡಿ ಆರಿಸಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ನಡುವೆ ಎಲ್ಲೋ ಸೈನ್ ತಪ್ಪಿ, ಕೊನೇ ಸಾಲಲ್ಲಿ ಪ್ರಶ್ನೆಯಲ್ಲಿರೋದನ್ನೇ ನಕಲು ಮಾಡಿ 'ಹೆನ್ಸ್ ಪ್ರೂವ್ಡ್' ಅಂತ ಗೆರೆ ಎಳೆಯೋದು. ನೂರಾರು ಪೇಪರ್ ನೋಡೋರಿಗೆ ಅದು ತಿಳಿಯಲ್ವಾ? ಅದರ ಬದಲು 'ಸೈನ್ ತಾಳೆ ಆಗ್ತಿಲ್ಲ, ಮೇಲೆಲ್ಲೋ ತಪ್ಪಿದೆ' ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿ. ಬ್ಯಾಕ್ ಪೇಪರ್‌ನಲ್ಲಿ ನಾನು ಹೀಗೆ ಎರಡು ಕಡೆ ಬರೆದೆ. ಎಷ್ಟು ಮಾರ್ಕ್ಸ್ ಸಿಕ್ತೋ ಗೊತ್ತಿಲ್ಲ. ಸಬ್ಜೆಕ್ಟ್ ಅಂತೂ ಕ್ಲಿಯರ್ ಆಯ್ತು, ಮನೆಗೆ ಅವತ್ತೇ ಫೋನ್ ಮಾಡಿದೆ.