ಬಾಡು ಬೇಕು, ಕಡಿಯುವವನು ಬೇಡ

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗ್ಗೆ, ಹಳೇ ಮೈಸೂರು ಸೀಮೆಯ ಯಾವ ಊರಿಗಾದರೂ ಹೋಗಿ ನೋಡಿ. ಕತ್ತಲಿರುವಾಗಲೇ ಮಟನ್ ಅಂಗಡಿ ಮುಂದೆ ಸಾಲು. ಮೇಷ್ಟ್ರು, ಗುಮಾಸ್ತರು, ಪಂಚಾಯ್ತಿ ಸದಸ್ಯರು ಎಲ್ಲರ ಕೈಯಲ್ಲೂ ಬ್ಯಾಗು. ‘ಅಣ್ಣಾ, ತೊಡೆದೇ ಹಾಕಣ್ಣ, ಮೂಳೆ ಜಾಸ್ತಿ ಬೇಡ’ ಅಂತ ಗೋಗರೆಯುವ ಇದೇ ಜನ, ಅದೇ ಅಣ್ಣ ಬಾಡಿಗೆ ಮನೆ ಕೇಳಿಕೊಂಡು ಬಂದರೆ ‘ಆಗಲೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೀವಿ’ ಅನ್ನುತ್ತಾರೆ. ಬೋರ್ಡು ಮಾತ್ರ ಇನ್ನೂ ಗೇಟಿನಲ್ಲೇ ನೇತಾಡುತ್ತಿರುತ್ತದೆ.

ಕುರಿ ಕಡಿಯುವುದೆಂದರೆ ಮಚ್ಚು ಬೀಸುವುದು ಅಂದುಕೊಂಡಿದ್ದೀರಿ. ಕೆಲಸ ಶುರುವಾಗುವುದು ಸಂತೆಯಲ್ಲಿ. ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ನೋಡಬೇಕು. ಸೊಂಟದ ಮೇಲೆ ಹೆಬ್ಬೆರಳು ಒತ್ತಿ ಮಾಂಸ ಎಷ್ಟು ಕೂತಿದೆ ಅಂತ ಅಂದಾಜು ಹಾಕಬೇಕು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದಲ್ಲಾಳಿ ಹೇಳುವ ರೇಟಿಗೆ ತಲೆಯಾಡಿಸುವಷ್ಟರಲ್ಲಿ ಲೆಕ್ಕ ಮುಗಿದಿರಬೇಕು. 30 ಕೆ.ಜಿ. ಜೀವದಲ್ಲಿ ತಕ್ಕಡಿಗೆ ಬರುವುದು ಅರ್ಧ, ಒಮ್ಮೊಮ್ಮೆ ಅದಕ್ಕೂ ಕಮ್ಮಿ. ಅಂದಾಜು ತಪ್ಪಿದರೆ ಆ ದಿನದ ಕೂಲಿಯನ್ನು ತಲೆ, ಕಾಲು, ಬೋಟಿ ಮಾರಿಯೇ ಗಿಟ್ಟಿಸಬೇಕು.

ಚರ್ಮ ಬಿಡಿಸುವುದನ್ನು ಹತ್ತಿರ ನಿಂತು ನೋಡಿದ್ದೀರಾ? ಹಿಂಗಾಲಿನ ಹತ್ತಿರ ಚೂರಿಯಲ್ಲಿ ಒಂದು ಗೀರು, ಅಷ್ಟೆ. ಆಮೇಲೆ ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ, ಮಣಿಕಟ್ಟು ತಿರುಗಿಸುತ್ತ, ಒತ್ತುತ್ತ, ಇಡೀ ಚರ್ಮವನ್ನು ಇಳಿಸಿಬಿಡುತ್ತಾನೆ. ಚೂರಿ ತಾಗಿ ತೂತಾದರೆ ತೊಗಲಿನವನು ಬೆಲೆ ಮುರಿಯುತ್ತಾನೆ. ಹೊಟ್ಟೆ ಸೀಳುವಾಗ ಕರುಳು ಕುಯ್ದರೆ ಮಾಂಸವೆಲ್ಲ ಹೊಲಸು. ಕಲೀಜಕ್ಕೆ ಅಂಟಿಕೊಂಡ ಪಿತ್ತಕೋಶ ಒಡೆದರೆ ಕಹಿ. ಆಮೇಲೆ ಹುಣಸೆ ಕೊರಡಿನ ಮೇಲೆ ಮಚ್ಚಿನ ಕೆಲಸ. ಹುಣಸೆ ಮರವೇ ಯಾಕೆಂದರೆ ಬೇಗ ಸಿಬಿರು ಏಳುವುದಿಲ್ಲ. ಇದನ್ನೆಲ್ಲ ಅಪ್ಪನ ಪಕ್ಕ ನಿಂತು, ಬೆರಳು ಕುಯ್ದುಕೊಂಡೇ ಕಲಿಯುತ್ತಾನೆ. ರೋಗ ಬಿದ್ದ ಪ್ರಾಣಿಯ ರಕ್ತ ಆ ಗಾಯಕ್ಕೆ ತಾಗಿದರೆ ಬ್ರುಸೆಲ್ಲೋಸಿಸ್ ಅಂಟಬಹುದು. ಬಂದು ಬಂದು ಹೋಗುವ ಜ್ವರ, ಕೀಲುಗಳಲ್ಲಿ ನೋವು. ಅವನು ಜ್ವರದ ಮಾತ್ರೆ ನುಂಗಿ ಮತ್ತೆ ಕೊರಡಿನ ಮುಂದೆ ಕೂರುತ್ತಾನೆ.

ಕಾನೂನು ಇಲ್ಲವೇ? ಇದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಣೆ ಮಾಡಕೂಡದು. ತಪಾಸಣೆಯಾದ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು. ಒಂದರ ಕಣ್ಣೆದುರು ಇನ್ನೊಂದನ್ನು ಕುಯ್ಯಬಾರದು. ಒಳ್ಳೆಯ ಮಾತೇ. ಆದರೆ ಡಾಕ್ಟರೆಲ್ಲಿ ಸ್ವಾಮಿ? ನಮ್ಮ ತಾಲ್ಲೂಕಿನ ಕಸಾಯಿಖಾನೆಯಲ್ಲಿ ನಲ್ಲಿ ಇದೆ, ನೀರಿಲ್ಲ. ಚರಂಡಿ ಇದೆ, ಹರಿಯುವುದಿಲ್ಲ. ವ್ಯವಸ್ಥೆ ಮಾಡಬೇಕಾದವರು ಕೈಕಟ್ಟಿ ಕೂತು, ಅಂಗಡಿ ಹಿಂದೆ ಕುಯ್ದ ಅಂತ ಅವನಿಗೇ ದಂಡ ಬರೆಯುತ್ತಾರೆ.

ದನದ ಮಾಂಸದವನ ಪಾಡಂತೂ ಕೇಳಬೇಡಿ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಡಿಯಬಹುದಿತ್ತು. 2020ರ ಕಾಯ್ದೆ 13 ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದೆಲ್ಲಕ್ಕೂ ಬೇಲಿ ಹಾಕಿತು. ತಪ್ಪಿದರೆ 3ರಿಂದ 7 ವರ್ಷ ಜೈಲು, 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡ. ಅತ್ತ ಎಮ್ಮೆ-ಕೋಣದ ಮಾಂಸ ರಫ್ತು ಮಾಡುವ ದೇಶಗಳ ಮುಂಚೂಣಿಯಲ್ಲಿ ನಿಂತಿರುವುದೂ ಇದೇ ಭಾರತ. ಹಡಗು ಹತ್ತಿದರೆ ವಿದೇಶಿ ವಿನಿಮಯ, ಗಲ್ಲಿಯ ಕೊಕ್ಕೆಗೆ ನೇತುಬಿದ್ದರೆ ಪೊಲೀಸ್ ಜೀಪು!

2022ರ ಯುಗಾದಿಗೆ ಹಲಾಲ್ ಬೇಡ, ಜಟ್ಕಾ ಬೇಕು ಅಂತ ಕೆಲವರು ಬೀದಿಗಿಳಿದರು. ಈ ನಾಡಿನಲ್ಲಿ ಮುಸ್ಲಿಮರೂ ಕಡಿಯುತ್ತಾರೆ, ಕಟಿಕರೂ ಕಡಿಯುತ್ತಾರೆ. ಇಬ್ಬರ ಸೊಂಟನೋವೂ ಒಂದೇ. ಕಡಿಯುವವನ ದೇವರು ಯಾರು ಅಂತ ವಿಚಾರಿಸಿದವರಿಗೆ ಅವನ ಕೈಗೆ ಗ್ಲೌಸ್ ಇದೆಯೇ ಅಂತ ಕೇಳಲು ಹೊಳೆಯಲಿಲ್ಲ. ನಾವು ಸಾಹಿತಿಗಳೂ ಕಮ್ಮಿಯಿಲ್ಲ. 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಪ್ರಕಟಣೆಯಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸವನ್ನೂ ಸೇರಿಸಿ ನಿಷೇಧಿಸಿದಾಗ ಬಾಡೂಟಕ್ಕಾಗಿ ಗಂಟಲು ಹರಿಯುವಂತೆ ಕೂಗಿದೆವು. ಕೂಗಿದ್ದು ಸರಿ. ಆದರೆ ಅಷ್ಟು ಗದ್ದಲದಲ್ಲಿ ಉಣ್ಣುವವನ ಹಕ್ಕಿನ ಮಾತು ಕೇಳಿಸಿತೇ ಹೊರತು ಕಡಿಯುವವನ ಕಷ್ಟದ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಧರ್ಮವ್ಯಾಧನ ಕತೆಗೆ ಮಾತ್ರ ಹರಿಕತೆಯಲ್ಲಿ ತಲೆದೂಗುತ್ತೀರಿ. ತಪಸ್ಸಿನ ಜಂಬ ಹೊತ್ತು ಬಂದ ಬ್ರಾಹ್ಮಣ ಕೌಶಿಕನಿಗೆ ಧರ್ಮ ಹೇಳಿದವನು ಮಿಥಿಲೆಯಲ್ಲಿ ಜಿಂಕೆ, ಕೋಣಗಳ ಮಾಂಸ ಮಾರುತ್ತಿದ್ದವನು. ಇವತ್ತು ಅವನು ಬೆಂಗಳೂರಿನಲ್ಲಿ ಅಂಗಡಿ ಇಟ್ಟಿದ್ದರೆ ಗಣೇಶ ಚತುರ್ಥಿ, ಮಹಾವೀರ ಜಯಂತಿ, ಗಾಂಧಿ ಜಯಂತಿ ಅಂತ ಬಾಗಿಲು ಹಾಕಿಸುತ್ತಿದ್ದಿರಿ. ಆ ದಿನಗಳ ಕೂಲಿ ಕೊಡುವವರು ಯಾರು?

ಪುರಸಭೆ ಚುನಾವಣೆಗೆ ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಕಸಾಯಿಖಾನೆಗೆ ನೀರು ಯಾವಾಗ, ಪಶುವೈದ್ಯರು ಯಾವಾಗ, ಕಡಿಯುವವನ ಕೈಗೆ ವಿಮೆ ಯಾವಾಗ? ಹಾಗೆ ಕೇಳಲು ನಾಚಿಕೆಯಾದರೆ ಬಾಡು ತಿನ್ನುವುದನ್ನು ಬಿಡಿ.