ಘಟ್ಟದ ಕೆಳಗಣ ಮಂಗಳಪುರ

ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಮನೆಗಳ ಮಾಡನ್ನು ದಿಟ್ಟಿಸಿ ನೋಡಿದವರಿಗೆ ಮಂಗಳೂರು ದೂರದ ಊರೆನಿಸದು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಹಂಚು ಮಾಡಲು ತೊಡಗಿದಂದಿನಿಂದ ಆ ಪಟ್ಟಣದ ಹೆಸರು ಘಟ್ಟದ ಮೇಲಣವರ ಸೂರಿನಲ್ಲಿಯೇ ನೆಲೆಸಿದೆ. ಆಳುಪರ ಕಾಲದಲ್ಲಿ ಮಂಗಳಪುರವೆಂದು ರಾಜಧಾನಿಯ ಗೌರವವನ್ನು ಪಡೆದಿದ್ದ ಆ ಕಡಲೂರು ಆಂಗ್ಲರ ಆಳ್ವಿಕೆಯಲ್ಲಿ ಮದರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ, 1956ರವರೆಗೆ ನಮ್ಮ ಹಳೆಯ ಕಡೂರು ಜಿಲ್ಲೆಗೂ ಅದಕ್ಕೂ ನಡುವೆ ಸಹ್ಯಾದ್ರಿಯಷ್ಟೇ ಅಲ್ಲದೆ ರಾಜ್ಯದ ಗಡಿಯೂ ಅಡ್ಡನಿಂತಿದ್ದಿತು. ಅನಂತರದ ಅಭಿವೃದ್ಧಿ ಶೀಘ್ರವಾದುದು: 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಮಹಾಬಂದರುಗಳ ಸಾಲಿಗೆ ಸೇರಿತು, 1979ರಲ್ಲಿ ಹಾಸನದ ರೈಲು ಘಟ್ಟವನ್ನಿಳಿಯಿತು, ಕುದುರೆಮುಖದ ಅದಿರು 2005ರ ಕೊನೆಗೆ ಗಣಿ ನಿಲ್ಲುವವರೆಗೂ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೀರಿನೊಡನೆ ಹರಿದು ಬಂದರನ್ನು ಮುಟ್ಟುತ್ತಿದ್ದಿತು. ಆದರೆ ಬಂದರು, ತೈಲಾಗಾರ, ವಿದ್ಯಾಲಯ, ಆಸ್ಪತ್ರೆಗಳೆಲ್ಲಕ್ಕಿಂತ ಮಿಗಿಲಾದ ಸಂಬಂಧವೊಂದು ನಮಗೂ ಆ ನಗರಕ್ಕೂ ಉಂಟು; ಕುದುರೆಮುಖ ಶ್ರೇಣಿಯ ಒಂದೇ ಮಡಿಲಿನಿಂದ ಹೊರಟ ಭದ್ರೆಯು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಜಲಾಶಯವಾಗಿ ನಿಂತು, ಅಲ್ಲಿಂದ ಅಜ್ಜಂಪುರದ ಸುರಂಗವನ್ನು ಹಾಯ್ದು ಬಯಲುಸೀಮೆಗೆ ಸಾಗುವ ಯೋಜನೆಗೆ ಒಳಪಟ್ಟಿದ್ದರೆ, ನೇತ್ರಾವತಿಯು ಪಡುವಣಕ್ಕಿಳಿದು ತುಂಬೆಯ ಕಟ್ಟೆಯಲ್ಲಿ ಮಂಗಳೂರಿನ ಕುಡಿಯುವ ನೀರಾಗುತ್ತಾಳೆ. ಬೇಸಗೆಯಲ್ಲಿ ತುಂಬೆಯ ಮಟ್ಟ ಕುಸಿದಾಗಲೆಲ್ಲ ನಗರವು ಆತಂಕಗೊಳ್ಳುತ್ತದೆ. ಆ ಆತಂಕಕ್ಕೆ ಪರಿಹಾರವಿರುವುದು ಕಡಲತೀರದಲ್ಲಲ್ಲ, ಮಳೆನೀರನ್ನು ಹಿಡಿದಿಟ್ಟು ನದಿಗೆ ಮೆಲ್ಲನೆ ಬಿಟ್ಟುಕೊಡುವ ಘಟ್ಟದ ಶೋಲಾ ಕಾಡುಗಳಲ್ಲಿ. ಆದುದರಿಂದ ಕರಾವಳಿಯ ನಗರಾಡಳಿತವೂ ನಮ್ಮ ಮೂರು ತಾಲ್ಲೂಕುಗಳ ಜನರೂ ಒಟ್ಟಾಗಿ ಆ ಕಾಡುಗಳ ರಕ್ಷಣೆಗೆ ಸರ್ಕಾರವನ್ನು ಒತ್ತಾಯಿಸಬೇಕು.