ಸಿಕ್ಕಿದ ಉಂಗುರಕ್ಕೆ ಐದು ಪರೀಕ್ಷೆ, ಕೊಂಡ ಬಳೆಗೆ?

ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಬಂದು ಒಂದು ವರ್ಷವಾಯ್ತು. ನನ್ನ ಟೀಮಿನಲ್ಲಿ ಐವತ್ತು ದಾಟಿದ ಒಬ್ಬರಿದ್ದಾರೆ. ವಾರವಿಡೀ ಡೇಟಾಬೇಸು, ಶನಿವಾರ ಬಂತೆಂದರೆ ಹೆಗಲ ಮೇಲೆ ಮೆಟಲ್ ಡಿಟೆಕ್ಟರ್ರು. ಹೋದ ತಿಂಗಳು ಬ್ರಿಸ್ಟಲ್ ಕಡೆಯ ಒಂದು ಕಡಲತೀರಕ್ಕೆ ನಾನೂ ಅವರ ಜೊತೆ ಹೋಗಿದ್ದೆ.

ಮೂರು ಗಂಟೆ ಮರಳು ಕೆದಕಿ ಸಿಕ್ಕಿದ್ದು ಇಷ್ಟು: ಕೋಲಾ ಡಬ್ಬಿಯ ಕಿವಿ ಹನ್ನೊಂದು, ಪೆನ್ನಿ ನಾಲ್ಕು, ತುಕ್ಕು ಹಿಡಿದ ಮೊಳೆ ಲೆಕ್ಕವಿಲ್ಲ..... ಮತ್ತೆ ಒಂದು ಉಂಗುರ. ತಮಾಷೆ ಏನು ಗೊತ್ತಾ? ಡಬ್ಬಿಯ ಕಿವಿಗೂ ಉಂಗುರಕ್ಕೂ ಆ ಯಂತ್ರ ಹೆಚ್ಚುಕಮ್ಮಿ ಒಂದೇ ಥರ ಕೂಗುತ್ತೆ. ಅದಕ್ಕೆ ಗೊತ್ತಾಗೋದು ವಸ್ತುವಿನ ವಿದ್ಯುತ್ ವಾಹಕತೆ ಮತ್ತು ಗಾತ್ರ ಮಾತ್ರ. ಬೆಲೆ ಗೊತ್ತಾಗಲ್ಲ! ಕಸ ಬೇಡ ಅಂತ ಆ ಸದ್ದನ್ನ ಮುಚ್ಚಿಸಿದರೆ ಚಿನ್ನವೂ ಕೈತಪ್ಪುತ್ತೆ.

ಉಂಗುರ ಹಳದಿಯಾಗಿತ್ತು, ಕಲ್ಲಿರಲಿಲ್ಲ. ಚಿನ್ನವೋ ಅಲ್ವೋ? ಇಂಜಿನಿಯರ್ ಮೈಮೇಲೆ ಬಂದ :-)

ಮೊದಲು ಕಣ್ಣು. ಹಿತ್ತಾಳೆ ಉಪ್ಪುನೀರಲ್ಲಿ ಬಿದ್ದಿದ್ದರೆ ಹಸಿರು ಹಿಡಿಯುತ್ತೆ. ಇದರಲ್ಲಿ ಹಸಿರಿಲ್ಲ, ಅಂಚು ಸವೆದ ಕಡೆಯೂ ಬೇರೆ ಬಣ್ಣ ಇಣುಕುತ್ತಿಲ್ಲ. ಎರಡನೇದು ಅಯಸ್ಕಾಂತ. ಅಂಟಲಿಲ್ಲ. ಆದರೆ ಹಿತ್ತಾಳೆ, ತಾಮ್ರ, ಬೆಳ್ಳಿ ಯಾವುದೂ ಅಂಟಲ್ಲ. ಅಂದರೆ ಅಯಸ್ಕಾಂತ 'ಇದು ಕಬ್ಬಿಣ' ಅಂತ ಹೇಳಬಲ್ಲುದೇ ಹೊರತು 'ಇದು ಚಿನ್ನ' ಅಂತ ಯಾವತ್ತೂ ಹೇಳಲ್ಲ.

ಮೂರನೇದು ಮುದ್ರೆ. ಒಳಗಡೆ 375 ಅಂತಿತ್ತು, ಪಕ್ಕದ್ದು ಸವೆದಿತ್ತು. 375 ಅಂದರೆ ಸಾವಿರಕ್ಕೆ 375 ಪಾಲು ಚಿನ್ನ, ಅಂದರೆ 9 ಕ್ಯಾರೆಟ್. ನಮ್ಮೂರಲ್ಲಿ ಇದನ್ನ ಚಿನ್ನ ಅಂದ್ರೆ ನಗ್ತಾರೆ, ಇಲ್ಲಿ ಅದು ಮಾಮೂಲು. ಆದರೆ ಬರೀ ಸಂಖ್ಯೆಯನ್ನ ಯಾರು ಬೇಕಾದರೂ ಒತ್ತಬಹುದಲ್ಲ?

ಹಾಗಾಗಿ ನಾಲ್ಕನೇದು, ನಮ್ಮ ಆರ್ಕಿಮಿಡೀಸ್ ತಾತನ ವಿದ್ಯೆ. ಉಂಗುರದ ತೂಕ 3.42 ಗ್ರಾಂ. ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಉಂಗುರವನ್ನ ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿದೆ. ತಕ್ಕಡಿ 0.31 ತೋರಿಸಿತು. ಭಾಗಿಸಿದರೆ ಸಾಂದ್ರತೆ 11ರ ಆಸುಪಾಸು. ಶುದ್ಧ ಚಿನ್ನ 19.3, ಹಿತ್ತಾಳೆ 8.5ರ ಸುತ್ತಮುತ್ತ, 9 ಕ್ಯಾರೆಟ್ ಸುಮಾರು 11. ಕುಣಿದೆ. ಆಮೇಲೆ ಹೊಳೀತು, ಬೆಳ್ಳಿಯದ್ದು 10.5! ತಕ್ಕಡಿ 0.01 ಆಚೀಚೆ ಆದರೂ ನನ್ನ ಉತ್ತರ 10.7ರಿಂದ 11.4ರವರೆಗೆ ಓಡಾಡುತ್ತೆ. ಚಿನ್ನದ ನೀರು ಕುಡಿಸಿದ ಬೆಳ್ಳಿ ಅಲ್ಲ ಅಂತ ಹೇಗೆ ಹೇಳೋದು?

ಐದನೇದು ಒಡವೆ ಅಂಗಡಿ. ಅವರು ಭೂತಗನ್ನಡಿಯಲ್ಲಿ ನೋಡಿ, ಸವೆದ ಮುದ್ರೆ ಲಂಗರಿನ ಗುರುತು ಅಂದರು. ಅದು ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯದ್ದು, 1773ರಿಂದ ಇದೆ. ಲಂಡನ್ನಿಗೆ ಚಿರತೆಯ ತಲೆ, ಎಡಿನ್‌ಬರೋಗೆ ಕೋಟೆ, ಶೆಫೀಲ್ಡಿಗೆ ಗುಲಾಬಿ. ಎಕ್ಸ್‌ರೇ ಯಂತ್ರವೂ ಮುದ್ರೆಯ ಮಾತನ್ನೇ ಹೇಳಿತು. ಚಿನ್ನವೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾರದೋ ಮೂರೂವರೆ ಗ್ರಾಂ ಉಂಗುರವನ್ನ ಐದು ಸಲ ಅನುಮಾನಿಸಿದ ನಾನು, ನಮ್ಮ ಮನೆಯ ಚಿನ್ನವನ್ನ ಒಂದು ಸಲವಾದರೂ ಪರೀಕ್ಷಿಸಿದ್ದೇನಾ?

2015ರಲ್ಲಿ ನನ್ನ ಇಂಜಿನಿಯರಿಂಗ್ ಫೀಸಿಗೆ ಅಮ್ಮ ತನ್ನ ಎರಡು ಬಳೆ ಅಡ ಇಡಲು ಹೋಗಿದ್ದಳು. ನಲವತ್ತು ಗ್ರಾಂ, 22 ಕ್ಯಾರೆಟ್ ಅಂತ ಬಾಯಿಮಾತಲ್ಲಿ ಹೇಳಿ ಮಾರಿದ್ದು. ಬ್ಯಾಂಕಿನ ಪರೀಕ್ಷಕರು ಉಜ್ಜಿ ನೋಡಿ 18 ಕ್ಯಾರೆಟ್ ಅಂದರು. ಲೆಕ್ಕ ಹಾಕಿ, ಆರೂವರೆ ಗ್ರಾಂ ಚಿನ್ನ ಬಳೆಯಲ್ಲಿ ಇರಲೇ ಇಲ್ಲ! ಸಾಲ ಕಮ್ಮಿ ಬಂತು, ಉಳಿದ ದುಡ್ಡಿಗೆ ಅಪ್ಪ ಚಿಕ್ಕಪ್ಪನ ಮುಂದೆ ಕೈ ಚಾಚಬೇಕಾಯ್ತು. ಅಮ್ಮ ಮನೆಗೆ ಬಂದು ಅಂಗಡಿಯವರನ್ನ ಬೈಯಲಿಲ್ಲ. "ಬ್ಯಾಂಕಿನವರ ಕಲ್ಲು ಸರಿ ಇರ್ಲಿಲ್ಲ ಅನ್ಸುತ್ತೆ" ಅಂದಳು. ಮುಂದೆಯೂ ಅದೇ ಅಂಗಡಿಗೇ ಹೋದಳು.

ನನ್ನ ವಾದ ಇಷ್ಟೇ. ಪರಿಚಯ ಅನ್ನೋದು ಪರೀಕ್ಷೆ ಅಲ್ಲ. ಕೇಳಿದರೆ ಬೇಜಾರಾಗ್ತಾರೆ ಅಂತೀವಿ. ಆದರೆ ನಾವು ಹಳೇ ಚಿನ್ನ ಮಾರಲು ಹೋದಾಗ ಅದೇ ಅಂಗಡಿಯವರು ನಮ್ಮೆದುರಿಗೇ ಒರೆಗಲ್ಲಿಗೆ ಉಜ್ಜಲ್ವಾ? ನಾವು ಬೇಜಾರು ಮಾಡ್ಕೊಂಡ್ವಾ? ಒರೆಗೆ ಹಚ್ಚೋದು ಅನ್ನೋ ಮಾತು ನಮ್ಮದೇ, ಕಲ್ಲೂ ನಮ್ಮದೇ. ಆದರೆ ಆ ಕಲ್ಲು ಯಾವತ್ತೂ ಕೌಂಟರಿನ ಆ ಕಡೆಯೇ ಇತ್ತು.

ಈಗ ಸ್ವಲ್ಪ ಈ ಕಡೆಗೂ ಬಂದಿದೆ. ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಶುರುವಾಗಿದ್ದು 2000ದಲ್ಲಿ, ಆಗ ಬೇಕಾದವರಿಗೆ ಮಾತ್ರ. 2021ರಿಂದ ಹಂತಹಂತವಾಗಿ ಕಡ್ಡಾಯವಾಯ್ತು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನ ಹಾಕಿದರೆ ಆ ಒಡವೆಯ ವಿವರ ಬರುತ್ತೆ. ಹಳೇ ಒಡವೆಯನ್ನೂ ಮಾನ್ಯತೆ ಇರುವ ಕೇಂದ್ರದಲ್ಲಿ ಸಣ್ಣ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಇದೆಲ್ಲಾ ಇದ್ದೂ ನಾವು ನೋಡೋದು ಡಿಸೈನು ಮತ್ತು ವೇಸ್ಟೇಜು ಮಾತ್ರ.

ಮರುದಿನ ಅಮ್ಮನಿಗೆ ಫೋನ್ ಮಾಡಿ, ತಂಗಿ ಮದುವೆಗೆ ಕೊಂಡ ಸರದ ಸಂಖ್ಯೆ ಕೇಳಿದೆ. "ಮೂವತ್ ವರ್ಷದ ಪರಿಚಯ ಕಣೋ, ಅದೆಲ್ಲಾ ನೋಡಕ್ಕಾಗುತ್ತಾ?" ಅಂದಳು. ಆದರೂ ಕನ್ನಡಕ ಹಾಕ್ಕೊಂಡು ಓದಿದಳು. ಆಪ್‌ಗೆ ಹಾಕಿದೆ, 22 ಕ್ಯಾರೆಟ್ ಅಂತ ಬಂತು. ಹೇಳಿದಾಗ ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಆ ಬಳೆನೂ ಹಿಂಗೇ ನೋಡಿದ್ರೆ ಚೆನ್ನಾಗಿತ್ತು" ಅಂದಳು. ಹತ್ತು ವರ್ಷದಲ್ಲಿ ಮೊದಲ ಸಲ ಆ ಮಾತು.

ಉಂಗುರದ ಕಥೆ? ಒಳಗೆ ಎರಡು ಇನಿಷಿಯಲ್ಲು, ಒಂದು ತಾರೀಖು ಕೆತ್ತಿದೆ, ಮದುವೆಯದ್ದೇ ಇರಬೇಕು. ಇಲ್ಲಿನ ಕಾನೂನಿನಲ್ಲೂ ಕಳೆದುಕೊಂಡವರನ್ನ ಹುಡುಕುವ ಪ್ರಯತ್ನ ಮಾಡದೆ ಇಟ್ಟುಕೊಂಡರೆ ಕಳ್ಳತನವಾಗಬಹುದು. ಹಾಗಾಗಿ ತೀರದ ಕೆಫೆಯಲ್ಲಿ ಚೀಟಿ ಅಂಟಿಸಿ ಬಂದಿದ್ದೇವೆ. ತಾರೀಖನ್ನ ಬರೆದಿಲ್ಲ. ಅದನ್ನ ಸರಿಯಾಗಿ ಹೇಳಿದವರಿಗೇ ಉಂಗುರ. ಅದು ಆರನೇ ಪರೀಕ್ಷೆ :-)

ನಿಮ್ಮ ಮನೆಯಲ್ಲಿ ಹೇಗೆ? ಕೊಳ್ಳುವಾಗ ಕೇಳ್ತೀರಾ, ಇಲ್ಲಾ ನಮ್ಮಮ್ಮನ ಥರಾನಾ?